ಸಾಯದೆ ಉಳಿದ ನಲವತ್ತೇಳನೇ ಕೊಳವೆ

ಕಡ್ಡಿ ಮಾಮನಿಗೆ ಆ ಹೆಸರು ಮೈಕಟ್ಟಿನಿಂದ ಬಂತೋ ಕೆಲಸದಿಂದ ಬಂತೋ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಜೋರಾಗಿ ಗಾಳಿ ಬೀಸಿದರೆ ಹಾರಿಹೋದಾನು ಎನ್ನುವಂಥ ಆಳು, ಅದು ನಿಜ. ಮೂವತ್ತೊಂದು ವರ್ಷದಿಂದ ಅವನ ಬಲಗೈ ಬೆರಳ ನಡುವೆ ಒಂದು ಸಣ್ಣ ಮರದ ಕಡ್ಡಿ ಇದ್ದೇ ಇದೆ, ಅದೂ ಅಷ್ಟೇ ನಿಜ. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಅವನು ಪಾಚಿ ಸಾಕುತ್ತಾನೆ. ನಗಬೇಡಿ. ದನ ಸಾಕುವವರಿದ್ದಾರೆ, ನಾಯಿ ಸಾಕುವವರಿದ್ದಾರೆ, ಇವನಿಗೆ ಪಾಚಿ ಗಂಟುಬಿದ್ದಿದೆ.

ಕೆಲಸ ನೋಡಿದರೆ ಸುಲಭ. ಗಾಜಿನ ಕೊಳವೆ, ಅದರೊಳಗೆ ಓರೆಯಾಗಿ ಹೆಪ್ಪುಗಟ್ಟಿದ ಲೋಳೆ, ಲೋಳೆಯ ಮೇಲೆ ಹಸಿರು ಬಳಿದ ಹಾಗೆ ಪಾಚಿ. ತಿಂಗಳಿಗೊಮ್ಮೆ ಹಳೇ ಕೊಳವೆಯಿಂದ ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ತೆಗೆದು ಹೊಸ ಕೊಳವೆಯ ಲೋಳೆಯ ಮೇಲೆ ಗೆರೆಯಂತೆ ಎಳೆಯಬೇಕು. ಕಡ್ಡಿಯನ್ನು ಎಸೆಯಬೇಕು. ಇನ್ನೊಂದಕ್ಕೆ ಇನ್ನೊಂದು ಕಡ್ಡಿ. ಒಂದೇ ಕಡ್ಡಿಯನ್ನು ಎರಡು ಕೊಳವೆಗೆ ಅದ್ದಿದರೆ ಎರಡು ಜಾತಿ ಬೆರೆತುಹೋಗುತ್ತವೆ. ಬೆರೆತದ್ದನ್ನು ಬ್ರಹ್ಮ ಬಂದರೂ ಬಿಡಿಸಲಾರ. ಅರವತ್ತನಾಲ್ಕು ಜಾತಿ, ಒಂದೊಂದಕ್ಕೆ ಮೂರು ಕೊಳವೆ. ಮೂವತ್ತೊಂದು ವರ್ಷದಲ್ಲಿ ಕಡ್ಡಿ ಮಾಮ ಒಮ್ಮೆಯೂ ಬೆರೆಸಿಲ್ಲ ಎಂಬುದು ಮೇಲಿನ ಎರಡು ಮಹಡಿಗೂ ಗೊತ್ತು. ಅವನ ಆಸ್ತಿ ಎಂದರೆ ಅದೊಂದೇ.

ಈ ಅರವತ್ತನಾಲ್ಕೂ ಕೆರೆಯಲ್ಲಿ ಬೆಳೆಯುವ ಪಾಚಿಯಂತಲ್ಲ. ಪ್ರತಿಯೊಂದಕ್ಕೂ ಹುಟ್ಟಿನಿಂದ ಏನೋ ಒಂದು ಕೊರೆ, ಒಂದು ಕುಂದು. ಪಾಚಿಗೆ ಬೆಳಕೇ ಅನ್ನವಲ್ಲವೇ? ಇವಕ್ಕೆ ಬೆಳಕು ಜೀರ್ಣವಾಗುವುದಿಲ್ಲ. ದೀಪದ ಕೆಳಗಿಟ್ಟರೆ ವಾರದಲ್ಲಿ ಬಿಳಿಚಿಕೊಂಡು ಸಾಯುತ್ತವೆ. ಅದಕ್ಕೇ ಮಬ್ಬು ಕೋಣೆ, ಕಪಾಟಿಗೆ ಕಪ್ಪು ಬಟ್ಟೆ, ಲೋಳೆಯಲ್ಲಿ ವಿನೆಗರ್‌ನಂಥ ಒಂದು ಹುಳಿ ಆಹಾರ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಹಾಗೆ ಕಡ್ಡಿ ಮಾಮನಿಗೆ ಇವುಗಳ ಮೇಲೆ ಪ್ರಾಣ. ಆರೋಗ್ಯವಾಗಿ ಬೆಳೆಯುವ ಪಾಚಿ ಇನ್ನೊಂದು ಕೋಣೆಯಲ್ಲಿ, ಬೆಳ್ಳನೆಯ ದೀಪದ ಕೆಳಗೆ ಇತ್ತು. ಅದರ ಕಡೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.

ನಲವತ್ತೇಳನೆಯದರ ಕೊರೆ ಏನೆಂದು ಹೇಳದೆ ಕಥೆ ಮುಂದೆ ಹೋಗದು. ಪಾಚಿಯ ಒಂದು ಕಣವನ್ನು ಮನೆ ಎಂದುಕೊಳ್ಳಿ. ಅದರಲ್ಲೊಂದು ಹಸಿರು ಕೋಣೆ, ಹೆಸರು ಕ್ಲೋರೋಪ್ಲಾಸ್ಟ್. ಬೆಳಕು ಅನ್ನವಾಗುವುದು ಅಲ್ಲಿ. ಅಡುಗೆಗೆ ಬೇಕಾದ ಸಲಕರಣೆ ಹೇಗೆ ಮಾಡಬೇಕು ಎಂಬ ಚೀಟಿಯನ್ನೂ ಅಲ್ಲೇ ಬರೆಯುತ್ತಾರೆ. ಉದ್ದನೆಯ ಚೀಟಿ, ಆರ್‌ಎನ್‌ಎ ಎನ್ನುತ್ತಾರೆ. ಆದರೆ ಅದೇ ಕೋಣೆಯಲ್ಲಿ ಚೀಟಿ ತಿನ್ನುವವರೂ ಇದ್ದಾರೆ. ಮುಂದಿನ ತುದಿ ಹಿಡಿದರೆ ಒಂದೊಂದೇ ಅಕ್ಷರ ಅಗಿಯುತ್ತ ಕೊನೆಯವರೆಗೂ ಬಿಡುವುದಿಲ್ಲ. ಅವರನ್ನು ತಡೆಯಲು ಹಸಿರು ಕೋಣೆಯ ಹೊರಗಿನಿಂದ ಒಂದು ಪ್ರೋಟೀನ್ ಬಂದು ಚೀಟಿಯ ಮುಂತುದಿಯ ಮೇಲೆ ಕೂರುತ್ತದೆ. ಕೂತರೆ ಮುಗಿಯಿತು, ತಿನ್ನುವವನಿಗೆ ಬಾಯಿ ಹಾಕಲು ಜಾಗವಿಲ್ಲ. ಮುಂದೆಂದಾದರೂ ಚೀಟಿ ಹಳತಾಗಿ ಹರಿದು ಹಾಳಾದರೂ ಆ ಕಾವಲುಗಾರನ ಕುಂಡೆಯಡಿ ಸಿಕ್ಕ ತುಣುಕು ಮಾತ್ರ ಉಳಿಯುತ್ತದೆ. ಆ ತುಣುಕಿಗೆ ಹೆಜ್ಜೆಗುರುತು ಎಂದು ಹೆಸರಿಟ್ಟಿದ್ದಾರೆ.

ನಲವತ್ತೇಳರಲ್ಲಿ ಒಂದು ಚೀಟಿಯ ಕಾವಲುಗಾರ ಹುಟ್ಟುವುದೇ ಇಲ್ಲ. ಹಾಗೆಂದು ಬರೆಯುವುದೇನೂ ನಿಂತಿಲ್ಲ. ಬರೆಯುತ್ತಲೇ ಇರುತ್ತದೆ, ತಿನ್ನುತ್ತಲೇ ಇರುತ್ತದೆ. ಹಗಲಿಲ್ಲ, ಇರುಳಿಲ್ಲ. ಕಡ್ಡಿ ಮಾಮ ಇದನ್ನು ಮೊದಲ ಸಲ ಕೇಳಿದ ದಿನ ಕೊಳವೆಯನ್ನು ಕಿವಿಯ ಹತ್ತಿರ ಹಿಡಿದುಕೊಂಡಿದ್ದನಂತೆ. ಏನು ಕೇಳೀತು, ಮಣ್ಣು. ಆದರೂ ಅಂದಿನಿಂದ ಆ ಕೊಳವೆಯನ್ನು ಮಾತ್ರ ಕೊನೆಯಲ್ಲಿ ಮುಟ್ಟುತ್ತಿದ್ದ.

ಈಗ ಮೇಲಿನ ಮಹಡಿಯ ಹುಡುಗಿಯ ವಿಷಯ. ಸಂಶೋಧನೆ ಮುಗಿಸಿ ಡಾಕ್ಟರ್ ಆಗಲು ಆರು ವರ್ಷದಿಂದ ಒದ್ದಾಡುತ್ತಿದ್ದಳು. ಆಗುವ ಮೊದಲೇ ಎಲ್ಲರೂ ಅವಳನ್ನು ಡಾಕ್ಟರಮ್ಮ ಎಂದು ಕರೆದು ಕಾಡುತ್ತಿದ್ದರು. ನಲವತ್ತೇಳಕ್ಕೆ ಕಾವಲುಗಾರನನ್ನು ತುಂಡು ತುಂಡಾಗಿ ಕೊಟ್ಟು, ಎಷ್ಟು ತುಂಡು ಕೊಟ್ಟರೆ ಚೀಟಿ ಉಳಿಯುತ್ತದೆ ಎಂದು ನೋಡುವುದು ಅವಳ ಕೆಲಸ. ಅರ್ಧ ಕೊಟ್ಟರೂ ಸಾಕು ಎಂದು ಕಂಡುಹಿಡಿದು ಆರು ತಿಂಗಳಿಂದ ಆಕಾಶಕ್ಕೆ ಮೂರೇ ಗೇಣು ಎನ್ನುವಂತಿದ್ದಳು.

ಒಂದು ಮಧ್ಯಾಹ್ನ ಅವಳು ಅಂಗೈಯಗಲದ ಮುಚ್ಚಳದ ತಟ್ಟೆಯೊಂದನ್ನು ಹಿಡಿದು ನೆಲಮಾಳಿಗೆಗೆ ಇಳಿದು ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

"ಮಾಮ, ಇದು ನಲವತ್ತೇಳು. ಏನೂ ಸೇರಿಸಿಲ್ಲ. ಹುಳಿ ಆಹಾರಾನೂ ಕೊಟ್ಟಿಲ್ಲ. ಬರೀ ಬೆಳಕಲ್ಲಿ ಇಟ್ಟಿದ್ದೆ."

"ಸತ್ತಿರುತ್ತೆ," ಎಂದ ಕಡ್ಡಿ ಮಾಮ.

"ಸತ್ತಿರಬೇಕಿತ್ತು," ಎಂದು ಅವಳು ತಟ್ಟೆಯನ್ನು ಎತ್ತಿ ಹಿಡಿದಳು.

ತಟ್ಟೆಯ ತುಂಬ ಬೂದಿಬಿಳುಪಿನ ಲೋಳೆ. ಅದರ ಮೇಲೆ ಅವಳು ಇಟ್ಟಿದ್ದ ಹದಿನಾಲ್ಕು ಚುಕ್ಕೆಯೂ ಹಸಿರು. ಒಂದೊಂದೂ ದುಂಡಗೆ, ನುಣ್ಣಗೆ, ತುಂಬಿಕೊಂಡು ಕೂತಿತ್ತು. ಕಡ್ಡಿ ಮಾಮನಿಗೆ ಹೆಣಗಳ ಸಾಲಿನಲ್ಲಿ ಮಲಗಿದವರು ಕಣ್ಣು ಬಿಟ್ಟು ನೋಡಿದ ಹಾಗಾಯಿತು.

"ಬೇರೆ ಪಾಚಿ ಬೆರೆತಿರಬಹುದಾ ಮಾಮ?" ಎಂದು ಅವಳು ಕೇಳಿದಳು. ಆರೋಪವೇನಲ್ಲ, ಪಾಪ, ಯಾರಾದರೂ ಮೊದಲು ಕೇಳುವ ಪ್ರಶ್ನೆ ಅದೇ.

"ನನ್ನ ಕೈಯಲ್ಲಿ ಬೆರೆಯಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿ ಅವನು ಎರಡೂ ಕೈಯನ್ನು ಕೋಟಿನ ಜೇಬಿಗೆ ಸೇರಿಸಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದೇ ಇದು. ಒಂದು ವರ್ಷದಿಂದ ಅವನ ಬಲಗೈ ನಡುಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಮೊಣಕೈಯನ್ನು ಮೇಜಿಗೆ ಊರಿ, ಎಡಗೈಯಿಂದ ಮಣಿಕಟ್ಟು ಹಿಡಿದು ಕಡ್ಡಿ ಆಡಿಸುತ್ತಿದ್ದ. ಮನೆಯಲ್ಲಿ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸಿಕೊಡುವುದು ಮದುವೆಯಾದಂದಿನಿಂದ ಅವನ ಪಾಲಿನ ಕೆಲಸ. ಈಚೆಗೆ ಕನ್ನಡಕದ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. "ಕಣ್ಣಿಗೆ ವಯಸ್ಸಾಯ್ತು ಅಂತೀರಿ, ಪಕ್ಕದ ಮನೆ ಗೋಡೆ ಮೇಲಿನ ಇರುವೆ ಲೆಕ್ಕ ಹಾಕ್ತೀರಿ," ಎಂದು ಅವಳು ಚುಚ್ಚಿದ್ದಳು. ಅವನು ಕೇಳಿಸದವನಂತೆ ಎದ್ದುಹೋಗಿದ್ದ.

ಆ ಹದಿನಾಲ್ಕು ಚುಕ್ಕೆ ಬೆರಕೆಯಾಗಿದ್ದರೆ ಅದು ತನ್ನ ಕೈಯ ಪಾಪ. ಡಾಕ್ಟರಮ್ಮನ ಆರು ವರ್ಷ ಗಂಗೆಯ ಪಾಲು, ತನ್ನ ಮೂವತ್ತೊಂದು ವರ್ಷವೂ ಹಾಗೇ. ಇದು ಬಿಟ್ಟು ಬೇರೇನೂ ಅವನ ತಲೆಯಲ್ಲಿ ಓಡಲಿಲ್ಲ. ಅನ್ನ ಸೇರಲಿಲ್ಲ. ಮೂರು ದಿನದಲ್ಲಿ ಮೊದಲೇ ಕಡ್ಡಿಯಂತಿದ್ದವನು ದಾರವಾದ.

ಸತ್ಯ ತಿಳಿಯಲು ದಾರಿಯಿತ್ತು. ಆ ಪಾಚಿಯೊಳಗಿನ ಆರ್‌ಎನ್‌ಎ ತೆಗೆದು ನೋಡಬೇಕು. ಆರೋಗ್ಯದ ಪಾಚಿ ಬೆರೆತಿದ್ದರೆ ಅದರ ಕಾವಲುಗಾರನೂ ಜೊತೆಗೆ ಬಂದಿರುತ್ತಾನೆ, ಕೂತ ಜಾಗದಲ್ಲೇ ಹೆಜ್ಜೆಗುರುತು ಬಿಟ್ಟಿರುತ್ತಾನೆ. ಡಾಕ್ಟರಮ್ಮ ನಲವತ್ತೇಳರ ಮೂರೂ ಕೊಳವೆಗಳಿಂದ ಪಾಚಿ ತೆಗೆದುಕೊಂಡು ಹೋದಳು. ಒಂಬತ್ತು ದಿನ ಹಿಡಿಯಿತು. ಕಡ್ಡಿ ಮಾಮ ಕೆಲಸವಿಲ್ಲದಿದ್ದರೂ ಮೇಲಿನ ಮಹಡಿಗೆ ಹತ್ತಿ ಇಳಿದು, ಇಳಿದು ಹತ್ತಿ ಮಾಡುತ್ತಿದ್ದ.

ಹತ್ತನೆಯ ದಿನ ಬೆಳಿಗ್ಗೆ, ಆರ್‌ಎನ್‌ಎ ಗೆರೆಗೆರೆಯಾಗಿ ಮೂಡುವ ಫಿಲ್ಮ್ ತೊಳೆಯುವ ಕೋಣೆಗೆ ಅವಳು ಅವನನ್ನೂ ಕರೆದಳು. ಒಬ್ಬಳೇ ನೋಡಲು ಅವಳಿಗೂ ಭಯವಿತ್ತು ಎಂದು ಕಾಣುತ್ತದೆ. ಬಾಗಿಲು ಹಾಕಿದ ಮೇಲೆ ಕೆಂಪು ಬಲ್ಬಿನ ಬೆಳಕೊಂದೇ. ಅವಳ ಕೈ, ತೊಟ್ಟಿಯ ನೀರು, ಗೋಡೆ ಎಲ್ಲ ಹಸಿಮಾಂಸದ ಬಣ್ಣ. ಫಿಲ್ಮ್ ನೀರಿನಲ್ಲಿ ಅಲುಗಾಡುತ್ತಿತ್ತು. ಮೊದಲು ಏನೂ ಇಲ್ಲ. ಆಮೇಲೆ ಒಂದು ಕಡೆ ಮಸಿ ಮೂಡಿದ ಹಾಗೆ ಗೆರೆಯೊಂದು ಮೇಲೆದ್ದು ಬಂತು.

"ಇದು ಆರೋಗ್ಯದ ಪಾಚಿ. ಇದು ಕಾವಲುಗಾರನ ಹೆಜ್ಜೆಗುರುತು," ಎಂದಳು.

ನಲವತ್ತೇಳರ ಮೂರು ಸಾಲಿನಲ್ಲಿ ಆ ಎತ್ತರಕ್ಕೆ ಏನೂ ಇರಲಿಲ್ಲ. ಖಾಲಿ. ಕಡ್ಡಿ ಮಾಮ ಉಸಿರು ಬಿಡುವಷ್ಟರಲ್ಲಿ ಅವಳು ಅವನ ತೋಳು ಹಿಡಿದಳು. ಖಾಲಿಯ ಕೆಳಗೆ, ಯಾವ ಸಾಲಿನಲ್ಲೂ ಏನೂ ಇರಬಾರದ ಜಾಗದಲ್ಲಿ, ಮೂರು ತೆಳುವಾದ ಗೆರೆ ನಿಧಾನವಾಗಿ ಕಪ್ಪಾಗುತ್ತಿದ್ದವು.

"ಇದು ಯಾರದು?" ಎಂದು ಅವನು ಕೇಳಿದ.

"ಗೊತ್ತಿಲ್ಲ ಮಾಮ."

ಇನ್ನೂ ಎರಡು ಪರೀಕ್ಷೆ ಮಾಡಿದರು. ಕಾವಲುಗಾರ ಹುಟ್ಟಲೇ ಇಲ್ಲ, ಅವನ ಕೊರೆ ಹಾಗೇ ಇದೆ. ಆದರೂ ಚೀಟಿ ಉಳಿದಿದೆ. ಮುಂತುದಿಯಿಂದ ಹನ್ನೊಂದು ಅಕ್ಷರ ತಿಂದುಹೋಗಿವೆ, ಹನ್ನೆರಡನೆಯದಕ್ಕೆ ತಿನ್ನುವವನು ನಿಂತಿದ್ದಾನೆ. ಅಂದರೆ ಅಲ್ಲಿ ಯಾರೋ ಕೂತಿದ್ದಾರೆ. ಬೇರೆ ಯಾವುದೋ ಕೆಲಸಕ್ಕಿದ್ದ ಪ್ರೋಟೀನ್ ಒಂದು ತನ್ನ ರೂಪ ಸ್ವಲ್ಪ ಬದಲಿಸಿಕೊಂಡು, ಯಾರೂ ಕರೆಯದೆ, ಖಾಲಿ ಕುರ್ಚಿಯ ಪಕ್ಕ ಬಂದು ಕೂತುಬಿಟ್ಟಿದೆ.

"ಬೆರಕೆ ಅಲ್ಲ ಮಾಮ. ನಿಮ್ಮ ಕೈ ಚೊಕ್ಕ," ಎಂದು ಡಾಕ್ಟರಮ್ಮ ನಕ್ಕಳು. ಏನೂ ಕೊಡದೆಯೂ ಚೀಟಿ ಉಳಿದ ಮೇಲೆ ಅರ್ಧ ಕಾವಲುಗಾರ ಸಾಕು ಎಂಬ ಅವಳ ಹಳೇ ಲೆಕ್ಕ ಬಿದ್ದುಹೋಗಿತ್ತು, ಆದರೆ ಅದಕ್ಕಿಂತ ದೊಡ್ಡದು ಕೈಗೆ ಸಿಕ್ಕಿತ್ತು. ಕಡ್ಡಿ ಮಾಮನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ನಡುಗುವ ಕೈಯನ್ನು ಜೇಬಿನಿಂದ ಹೊರಗೆ ತೆಗೆದು ಅವಳ ತಲೆಯ ಮೇಲಿಟ್ಟ. ಅವಳು ನಡುಕ ನೋಡಿದಳು.

ಹೊರಡುವಾಗ ಹೀಗೇ ಮಾತಿಗೆ ಅಂದಳು: "ಒಂದು ವಿಚಿತ್ರ ನೋಡಿ. ಇಂಥ ಬದಲಾವಣೆ ಕೋಟಿಯಲ್ಲಿ ಒಂದು ಕಣಕ್ಕೆ ಆಗುತ್ತೆ. ಆ ಒಂದು ಕಣ ಉಳಿದವುಗಳ ನಡುವೆ ಕಳೆದುಹೋಗಬೇಕು. ಇಲ್ಲಿ ಮೂರೂ ಕೊಳವೆ ತುಂಬ ಅದೇ ಇದೆ. ಹಳೇ ನಲವತ್ತೇಳು ಹುಡುಕಿದರೂ ಸಿಗ್ತಿಲ್ಲ. ಮಬ್ಬಲ್ಲಿ ಅದಕ್ಕೇನು ಅಂಥ ಲಾಭ, ಹೇಗೆ ತುಂಬಿಕೊಂಡಿತೋ."

ಮಾರನೆಯ ದಿನ ತಿಂಗಳಿಗೊಮ್ಮೆ ಕೊಳವೆ ಬದಲಿಸುವ ದಿನ. ಕಡ್ಡಿ ಮಾಮ ಕಪ್ಪು ಬಟ್ಟೆ ಸರಿಸಿ, ಸಣ್ಣ ಹಸಿರು ದೀಪ ಹಚ್ಚಿ ಕೂತ. ಮನಸ್ಸು ಹಗುರವಾಗಿತ್ತು. ಹನ್ನೆರಡನೇ ಕೊಳವೆ ತೆಗೆದ. ಲೋಳೆಯ ಮೇಲೆ ಪಾಚಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕೆಲವು ಕಡೆ ಹಳದಿ, ಕೆಲವು ಕಡೆ ತೆಳು, ಒಂದು ಮೂಲೆಯಲ್ಲಿ ಚೆನ್ನಾದ ಹಸಿರು. ಅವನ ಕಡ್ಡಿ ತಾನಾಗಿ ಆ ಹಸಿರು ಮೂಲೆಗೆ ಹೋಯಿತು.

ಅಲ್ಲೇ ನಿಂತಿತು.

ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಗೋರಿ ಎಳೆಯಬೇಕು ಎಂಬುದು ನಿಯಮ. ಮೊದಲ ತಿಂಗಳೇ ಅದು ಅವನಿಗೆ ಅನ್ಯಾಯ ಅನ್ನಿಸಿತ್ತು. ಕೊರೆಯ ಮಕ್ಕಳಲ್ಲಿ ಸ್ವಲ್ಪ ಗಟ್ಟಿಯಾದದ್ದನ್ನು ಮುಂದೆ ಕಳಿಸಿದರೆ ಪುಣ್ಯವಲ್ಲವೇ ಎಂದು ಹಸಿರಾದ ಮೂಲೆಯನ್ನೇ ಆರಿಸುತ್ತ ಬಂದಿದ್ದ. ಒಂದೆರಡು ಸಲವಲ್ಲ, ತಿಂಗಳು ತಿಂಗಳೂ, ಮೂವತ್ತೊಂದು ವರ್ಷ. ಅದು ಪ್ರೀತಿ ಎಂದುಕೊಂಡಿದ್ದ. ಕೋಟಿಯಲ್ಲಿ ಒಂದಾದ ಆ ಕಣಕ್ಕೆ ಮಬ್ಬಿನಲ್ಲಿ ಬೇರೆ ಲಾಭ ಬೇಕಿರಲಿಲ್ಲ. ಅದು ಕೂದಲೆಳೆಯಷ್ಟು ಹೆಚ್ಚು ಹಸಿರಾಗಿತ್ತು, ಇವನ ಕಣ್ಣಿಗೆ ಬಿದ್ದಿತ್ತು. ಮಿಕ್ಕವರನ್ನೆಲ್ಲ ಹಿಂದೆ ಬಿಟ್ಟು ಅದನ್ನೊಂದೇ ಎತ್ತಿ ಹೊಸ ಮನೆಗೆ ತಂದವನು ತಾನೇ. ಮಿಕ್ಕವರನ್ನು ಹಳೇ ಕೊಳವೆಯ ಜೊತೆ ಕುದಿಸಿ ಚೆಲ್ಲಿದವನೂ ತಾನೇ.

ವರ್ಷಕ್ಕೊಮ್ಮೆ ಎಲ್ಲವನ್ನೂ ಬೆಳಕಿಗಿಟ್ಟು ಸಾಯುತ್ತವೆಯೇ ಎಂದು ನೋಡಬೇಕೆಂಬ ನಿಯಮವೂ ಇತ್ತು. ಹನ್ನೊಂದು ವರ್ಷದಿಂದ ಯಾರೂ ಕೇಳಿರಲಿಲ್ಲ, ಅವನೂ ನೆನಪಿಸಿರಲಿಲ್ಲ. ಸಾಕಿದ ಕೈಯಿಂದ ಸಾಯಿಸಿ ನೋಡುವುದು ಅವನಿಗೆ ಆಗುತ್ತಿರಲಿಲ್ಲ.

ಕೋಣೆಯಲ್ಲಿ ಗಾಳಿಯಂತ್ರದ ಸದ್ದು ಬಿಟ್ಟರೆ ಏನಿಲ್ಲ. ಕಪಾಟಿನಲ್ಲಿ ಅರವತ್ತನಾಲ್ಕು ಹೆಸರು, ಎಲ್ಲ ಅವನದೇ ಕೈಬರಹ. ಆ ಹೆಸರುಗಳ ಹಿಂದೆ ಗಾಜಿನೊಳಗೆ ಯಾರಿದ್ದಾರೆ ಎಂದು ಇನ್ನು ಹೇಳುವಂತಿರಲಿಲ್ಲ. ಕಡ್ಡಿ ಮಾಮನಿಗೆ ತನ್ನ ಕೋಣೆಯಲ್ಲಿ ಮೊದಲ ಸಲ ಹೆದರಿಕೆಯಾಯಿತು. ಬಾಗಿಲು ತೆರೆದಿಟ್ಟುಕೊಂಡು ಕೆಲಸ ಮುಗಿಸಿದ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಕೈಯ ನಡುಕವನ್ನೂ ಹೇಳಿದ. ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು.

"ನಡುಕ ನನಗೆ ಗೊತ್ತು. ಕಾಫಿ ಕಪ್ಪು ಬಸಿ ಟಕಟಕ ಅನ್ನೋದು ಕೇಳಿಸಲ್ವಾ. ಆ ಇನ್ನೊಂದು ವಿಷಯ ಹೇಳಿ. ಬಾಯಿಬಿಟ್ಟರೆ ಏನಾಗುತ್ತೆ?"

"ನಲವತ್ತೇಳು ತಾನಾಗೇ ಬದಲಾಯ್ತು ಅಂತ ಅವಳು ಬರೀತಾಳೆ. ಅದು ಸುಳ್ಳಲ್ಲ. ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗೀತು. ಹೇಳಿದರೆ ಅರವತ್ತನಾಲ್ಕರ ಮೇಲೂ ಅನುಮಾನ. ಇಲ್ಲಿಂದ ಊರೂರಿನ ಸಂಶೋಧನಾಲಯಕ್ಕೆ ಕಳಿಸಿದ್ದೀವಿ, ಅವೂ ಹೋದವು. ಅದರ ಮೇಲೆ ಯಾರ್ಯಾರು ಏನೇನು ಬರೆದಿದ್ದಾರೋ. ಮೂವತ್ತೊಂದು ವರ್ಷ ಏನು ಮಾಡ್ತಿದ್ದೆ ಅಂತ ಕೇಳ್ತಾರೆ."

"ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ ತಾನೇ?"

"ನನಗೊಬ್ಬನಿಗೆ ಗೊತ್ತಿರುತ್ತೆ."

"ದಿನಾ ಆ ಕೋಣೆಗೆ ಹೋಗಿ ಕೂರೋನು ಆ ಒಬ್ಬನೇ ಅಲ್ವಾ," ಎಂದು ಅವಳು ಮತ್ತೆ ಯಂತ್ರ ತುಳಿಯತೊಡಗಿದಳು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಸಿಕೊಳ್ಳಲು ಸಿದ್ಧನಾಗಿಯೇ ಅವನು ಮೇಡಂ ಕೋಣೆಗೆ ಹೋದ. ಮೇಡಂ ಎಂದರೆ ಸಂಶೋಧನಾಲಯದ ಹಿರಿಯಾಕೆ, ಚಿಕ್ಕ ವಯಸ್ಸಿನಲ್ಲಿ ಈ ಅರವತ್ತನಾಲ್ಕನ್ನೂ ಹುಡುಕಿ ತೆಗೆದವರು. ಡಾಕ್ಟರಮ್ಮ ಅಲ್ಲೇ ಕೂತಿದ್ದಳು. ನಿಂತುಕೊಂಡೇ ಹೇಳಿದ. ಹಸಿರು ಮೂಲೆಯ ವಿಷಯ, ಬೆಳಕಿನ ಪರೀಕ್ಷೆ ಬಿಟ್ಟ ವಿಷಯ, ಕೈಯ ವಿಷಯ. ಮೇಡಂ ಮೇಜಿನ ಮೇಲಿನ ಪೆನ್ಸಿಲನ್ನು ಕೈಗೆತ್ತಿಕೊಂಡರು.

"ಬೈಯೋದಾದರೆ ನನ್ನನ್ನೂ ಬೈಕೋಬೇಕು," ಎಂದರು. "ಹನ್ನೊಂದು ವರ್ಷ ನಾನೂ ಕೇಳಲಿಲ್ಲ. ಎಲ್ಲಾನೂ ಬೆಳಕಿಗಿಡಿ. ನೋಡೋಣ."

ಮಾರನೆಯ ಬೆಳಿಗ್ಗೆ ಅರವತ್ತನಾಲ್ಕು ತಟ್ಟೆಗಳನ್ನು, ಹುಳಿ ಆಹಾರವಿಲ್ಲದ ಬರಿಯ ಲೋಳೆಯ ಮೇಲೆ, ಬೆಳ್ಳನೆಯ ದೀಪದ ಕೆಳಗೆ ಸಾಲಾಗಿ ಇಟ್ಟರು. ಸತ್ತದ್ದು ಹಳೆಯದೇ, ನಿಜವಾದದ್ದೇ. ಹಸಿರಾಗಿ ಉಳಿದದ್ದು ಬೇರೆ ಯಾರೋ. ಬೇರೆ ಗುರುತು ಹಿಡಿಯುವ ದಾರಿ ಇರಲಿಲ್ಲ.

ಹತ್ತು ದಿನ ಕಡ್ಡಿ ಮಾಮ ದೀಪದ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಎಳೆ ಹಸಿರು ದಿನದಿನಕ್ಕೆ ಹಳದಿಯಾಯಿತು, ಹಳದಿ ಬೂದಿಯಾಯಿತು. ಮೊದಲ ದಿನಗಳಲ್ಲಿ ನೋಡಲಾರದೆ ಮುಖ ತಿರುಗಿಸುತ್ತಿದ್ದ. ಐದನೆಯ ದಿನ ಡಾಕ್ಟರಮ್ಮ ಒಳಗೆ ಬಂದಾಗ ಅವನು ಮೂವತ್ತನೇ ತಟ್ಟೆಯ ಮೇಲೆ ಬಗ್ಗಿ, ಮಗುವಿಗೆ ಜೋಗುಳ ಹಾಡುವಷ್ಟು ಮೆತ್ತಗೆ, "ಸಾಯಮ್ಮ, ಸಾಯಿ, ನನ್ನ ಚಿನ್ನ ಅಲ್ವಾ, ಸತ್ತುಬಿಡು," ಎನ್ನುತ್ತಿದ್ದ. ಅವಳು ಬಂದ ಹೆಜ್ಜೆಯಲ್ಲೇ ಹಿಂತಿರುಗಿದಳು.

ಹತ್ತನೆಯ ದಿನ ಮೇಡಂ ಪೆನ್ಸಿಲು ಹಿಡಿದು ಬಂದರು. ತಟ್ಟೆ ಎತ್ತುತ್ತ, ಗುರುತು ಹಾಕುತ್ತ ಹೋದರು. ನಲವತ್ತೊಂದು ಪೂರ್ತಿ ಬಿಳುಪು. ಒಂದೊಂದು ಬಿಳಿ ತಟ್ಟೆಗೂ ಕಡ್ಡಿ ಮಾಮನ ಎದೆಯ ಭಾರ ಒಂದು ಹಿಡಿ ಇಳಿಯಿತು. ಸತ್ತದ್ದು ತಟ್ಟೆಯ ಮೇಲಿನದು ಮಾತ್ರ, ಅವುಗಳ ಒಡಹುಟ್ಟು ಕೆಳಗೆ ಕತ್ತಲಲ್ಲಿ ಕ್ಷೇಮವಾಗಿತ್ತು. ಅವು ಇನ್ನೂ ತಾವೇ ಆಗಿದ್ದವು. ಇಪ್ಪತ್ತಮೂರು ತಟ್ಟೆ ಹಸಿರಾಗಿದ್ದವು.

"ಈ ಇಪ್ಪತ್ತಮೂರನ್ನ ಎಸೆದುಬಿಡಲಾ ಮೇಡಂ?" ಎಂದು ಅವನು ಕೇಳಿದ.

"ಎಸೆಯೋದಾ? ಇದರಲ್ಲಿ ಎಷ್ಟು ಹೊಸ ಕಾವಲುಗಾರರು ಕೂತಿದ್ದಾರೋ ಯಾರಿಗೆ ಗೊತ್ತು. ಎಲ್ಲಾ ಬೇಕು ಮಾಮ, ನೀವೇ ಸಾಕಬೇಕು," ಎಂದಳು ಡಾಕ್ಟರಮ್ಮ. ಅವಳ ಕಣ್ಣು ಹೊಳೆಯುತ್ತಿತ್ತು. ಮೇಡಂ ತಲೆಯಾಡಿಸಿ, ಹಳೇ ಹೆಸರು ತೆಗೆದು ಹೊಸ ಅಂಕಿ ಹಾಕಿ ಎಂದರು. ಊರೂರಿಗೆ ಬರೆಯಬೇಕಾದ ಕಾಗದಗಳಿಗೆ ತಾವೇ ಸಹಿ ಹಾಕುವುದಾಗಿ ಹೇಳಿ ಹೊರಟರು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಮಧ್ಯಾಹ್ನ ಅವನು ಕೆಳಗಿಳಿದು ಇಪ್ಪತ್ತಮೂರಕ್ಕೆ ಬೇರೆ ಕಪಾಟು ಮಾಡಿದ. ಹೊಸ ಕೊಳವೆಗಳಿಗೆ ಎಳೆಯುವಾಗ ಕಣ್ಣು ಮುಚ್ಚಿಕೊಂಡ. ಬೆರಳು ನಡುಗಿ ಕಡ್ಡಿ ಎಲ್ಲಿ ತಾಗಿತೋ ಅಲ್ಲಿಂದ ತೆಗೆದ. ಕೆಲಸ ಮುಗಿದ ಮೇಲೆ ಅವುಗಳ ಮುಂದೆ ನಿಂತು ನೋಡಿದ. ಹಸಿರೆಂದರೆ ಹಸಿರು, ತಿಂಗಳು ತಿಂಗಳೂ ಅವನ ಕಣ್ಣು ಹುಡುಕುತ್ತಿದ್ದ ಅದೇ ಹಸಿರು. ಅವು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಏನು ಇಷ್ಟ ಎಂಬುದು ಮಾತ್ರ ಅವುಗಳಿಗೆ ಚೆನ್ನಾಗಿ ಗೊತ್ತಿತ್ತು.